ಬೈಸಿಕಲ್ಲಿನ ಸರಪಣಿಯನ್ನು ಮನೆಯಲ್ಲಿಯೇ ಶುದ್ಧಿಮಾಡುವ ಕ್ರಮ

ಬಂಡಿಯ ಅಚ್ಚಿಗೆ ಕೀಲೆಣ್ಣೆ ಹಾಕದೆ ರೈತನು ದೂರದ ಪಯಣ ಹೊರಡುವುದಿಲ್ಲ. ಅದೇ ಮನೆಯ ಬೈಸಿಕಲ್ಲಿನ ಸರಪಣಿಯನ್ನಾದರೋ ಅದು ಕಿರ್ರೆಂದು ಕೂಗುವವರೆಗೂ ಯಾರೂ ನೋಡುವುದಿಲ್ಲ. ಕೂಗಿದ ಮೇಲೆ ಧೂಳಿನ ಮೇಲೆಯೇ ಎಣ್ಣೆ ಸುರಿಯುವರು. ಇದರಿಂದ ಕೂಗು ನಿಲ್ಲುವುದು, ಸವೆತ ನಿಲ್ಲದು.

ಕಲಬುರಗಿ ನಗರದ ಡಾಮರು ಬೀದಿಯಲ್ಲಿ ಓಡಾಡುವ ಬೈಸಿಕಲ್ಲಿಗೂ, ಕಮಲಾಪುರದ ಕಡೆ ಕೆಂಬಾಳೆಯ ಗೊನೆ ಹೊತ್ತು ತೋಟದ ದಾರಿಯಲ್ಲಿ ಬರುವ ಬೈಸಿಕಲ್ಲಿಗೂ ಸರಪಣಿ ಒಂದೇ ಬಗೆಯದು. ಧೂಳು ಮಾತ್ರ ಬೇರೆ. ಎರೆಯ ನುಣುಪು ಧೂಳೂ ಮಸಾರಿಯ ಮರಳೂ ಎಣ್ಣೆಯೊಡನೆ ಕಲೆತು ಸಾಣೆಪುಡಿಯಂತಾಗಿ, ಪಿನ್ನುಗಳನ್ನೂ ಅವು ಕೂರುವ ತೂತುಗಳನ್ನೂ ಒಳಗಿನಿಂದಲೇ ತೇಯುತ್ತವೆ. ಸರಪಣಿ "ಹಿಗ್ಗಿತು" ಎಂದು ಜನರು ಹೇಳುವುದು ಈ ಸವೆತವನ್ನೇ, ಉಕ್ಕು ಹಿಗ್ಗಿರುವುದಿಲ್ಲ. ಹೀಗೆ ಉದ್ದವಾದ ಸರಪಣಿಯು ಚಕ್ರದ ಹಲ್ಲುಗಳನ್ನೂ ಕೊಕ್ಕೆಯಂತೆ ಸವೆಸುವುದು. ಆಮೇಲೆ ಹೊಸ ಸರಪಣಿ ಮಾತ್ರ ತಂದರೆ ಸಾಲದು, ಹಲ್ಲಿನ ಚಕ್ರಗಳನ್ನೂ ಕೊಳ್ಳಬೇಕಾಗುವುದು. ಹೊರೆಯೊಡನೆ ಏರು ಹತ್ತುವಾಗ ಸರಪಣಿ ಹಲ್ಲು ಹಾರಿದರೆ ಸವಾರನು ಬೀಳುವುದೂ ಉಂಟು.

ಗೇರುಗಳಿಲ್ಲದ ಸಾಧಾರಣ ಬೈಸಿಕಲ್ಲಿನಲ್ಲಿ ಜೋಡುಕೊಂಡಿಯ ಕ್ಲಿಪ್ಪನ್ನು ಇಕ್ಕಳದಿಂದ ಬಿಡಿಸಿ ಸರಪಣಿಯನ್ನು ಹೊರತೆಗೆಯಬಹುದು. ಅದನ್ನು ಹಳೆಯ ಡಬ್ಬಿಯಲ್ಲಿ, ಮುಳುಗುವಷ್ಟು ಸೀಮೆಎಣ್ಣೆಯಲ್ಲಿ, ಅದು ಸಿಕ್ಕದಿದ್ದರೆ ಡೀಸೆಲಿನಲ್ಲಿ, ಅರ್ಧ ಗಂಟೆ ನೆನೆಯಿಟ್ಟು ಗಟ್ಟಿ ಬ್ರಷ್ಷಿನಿಂದ ತಿಕ್ಕತಕ್ಕದ್ದು. ಒಲೆ, ಬೀಡಿ ಹತ್ತಿರ ಇರಕೂಡದು. ಹೊಸ ಎಣ್ಣೆಯಲ್ಲಿ ಮತ್ತೊಮ್ಮೆ ಜಾಲಿಸಿ, ಒರಸಿ, ನೆರಳಿನಲ್ಲಿ ತೂಗಹಾಕಿ ಪೂರಾ ಒಣಗಿಸಬೇಕು. ಕೊಳೆಯೆಣ್ಣೆಯನ್ನು ಬಾವಿಯ ಬಳಿಯಾಗಲಿ ತೋಟದ ಕಾಲುವೆಗಾಗಲಿ ಚೆಲ್ಲಬಾರದು.

ಮತ್ತೆ ತೊಡಿಸುವ ಮೊದಲು ಅಳೆದು ನೋಡತಕ್ಕದ್ದು. ಕೊಂಡಿಗೆ ಅರ್ಧ ಅಂಗುಲದಂತೆ, ಮೊದಲನೆಯ ಪಿನ್ನಿನ ನಡುವಿನಿಂದ 25ನೆಯ ಪಿನ್ನಿನ ನಡುವಿಗೆ ಸರಿಯಾಗಿ 12 ಅಂಗುಲ ಇರಬೇಕು. ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಹೆಚ್ಚಿದ್ದರೆ ಶುದ್ಧಿಮಾಡಿ ಫಲವಿಲ್ಲ. ಹೊಸದನ್ನು ಹಾಕುವುದೇ ಮಿತವ್ಯಯ. ತೊಡಿಸುವಾಗ ಕ್ಲಿಪ್ಪಿನ ಮುಚ್ಚಿದ ತುದಿ ಸರಪಣಿ ಓಡುವ ದಿಕ್ಕಿಗಿರಬೇಕು. ಸರಪಣಿಯ ನಡುವೆ ಸುಮಾರು ಅರ್ಧ ಅಂಗುಲ ಸಡಿಲ ಬಿಡಬೇಕು.

ಎಣ್ಣೆಯ ವಿಷಯದಲ್ಲಿಯೇ ನಮ್ಮವರು ಹೆಚ್ಚು ಎಡವುವರು. ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆ ಹಾಕುವುದು ಸಲ್ಲದು. ಗಾಳಿಗೆ ಒಣಗಿ ಅಂಟಾಗುವ ಜಾತಿಯದು ಅದು, ಬಣ್ಣ ಕಲಸುವುದಕ್ಕೆ ಒಳ್ಳೆಯದು. ಮೋಟಾರಿನಿಂದ ಇಳಿಸಿದ ಕರಿಯೆಣ್ಣೆಯಲ್ಲಿ ಲೋಹದ ಕಣಗಳಿರುವುವು. ಗ್ರೀಸು ಒಳಗೆ ಇಳಿಯದೆ ಹೊರಗೆ ಧೂಳು ಹಿಡಿಯುವುದು. ಬೇಸಗೆಯಲ್ಲಿ ಹೊಲಿಗೆಯಂತ್ರದ ತೆಳುವಾದ ಎಣ್ಣೆ, ಮಳೆಗಾಲದಲ್ಲಿ ಹೊಸ ಮೋಟಾರು ಎಣ್ಣೆ ಸಾಕು. ಪೆಡಲನ್ನು ಹಿಂದಕ್ಕೆ ಮೆಲ್ಲಗೆ ತಿರುಗಿಸುತ್ತ ಒಂದೊಂದು ಉರುಳೆಗೆ ಒಂದೊಂದೇ ತೊಟ್ಟು ಬಿಡಬೇಕು. ಇಡೀ ಸರಪಣಿಗೆ ಒಂದು ಚಹಾ ಚಮಚಕ್ಕಿಂತ ಹೆಚ್ಚು ಬೇಡ. ಹತ್ತು ನಿಮಿಷದ ನಂತರ ಹೊರಮೈಯನ್ನು ಒಣಬಟ್ಟೆಯಿಂದ ಕೈಗೆ ಜಿಡ್ಡು ಹತ್ತದಂತೆ ಒರಸಿಬಿಡತಕ್ಕದ್ದು. ಎಣ್ಣೆ ಇರಬೇಕಾದುದು ಒಳಗೆ.

ತೊಗರಿಯ ರಾಶಿಯ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಒರಸಿ ಎಣ್ಣೆ ಬಿಟ್ಟರೆ ಸಾಕಾಗುವುದು. ಮಳೆಯಲ್ಲಿ ನೆನೆದು ಬಂದ ದಿನ ಮಾತ್ರ ಬೆಳಗಿಗೆ ಬಿಡದೆ, ಆ ರಾತ್ರಿಯೇ ನೀರೊರಸಿ ಎಣ್ಣೆ ಹಾಕಿಡತಕ್ಕದ್ದು.