ಮರದ ನೆಲ ಹಾಸುವ ಮುನ್ನ ಅಂಟಿನ ಡಬ್ಬಿ ಓದಿ

ಮನೆಗೆ ಮರದ ನೆಲ ಹಾಕಿಸುವವರು ಬಣ್ಣ, ಬೆಲೆಗಳನ್ನು ಅಳೆದು ತೂಗಿ ಆರಿಸುತ್ತಾರೆ. ಅಂಟನ್ನು ಮಾತ್ರ ಬಡಗಿಗೆ ಬಿಟ್ಟುಬಿಡುತ್ತಾರೆ. ಕೆಲವು ಅಂಟುಗಳಿಂದ ಹೊರಡುವ ಫಾರ್ಮಾಲ್ಡಿಹೈಡ್ ಕಣ್ಣು, ಗಂಟಲು ಉರಿಸುವ ಅನಿಲ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಅದನ್ನು ಕ್ಯಾನ್ಸರ್‌ಕಾರಕ ಎಂದು ಸಾರಿದೆ.

1. ಅಂಟು ಯಾವುದೆಂದು ಕೇಳಿ. ಯೂರಿಯಾ-ಫಾರ್ಮಾಲ್ಡಿಹೈಡ್ ಅಗ್ಗ. ಆದರೆ ತೇವ, ಶಾಖ ತಗುಲಿದಾಗ ಒಡೆದು, ವರ್ಷಗಟ್ಟಲೆ ಅನಿಲ ಬಿಡುತ್ತಿರುತ್ತದೆ. ಫೀನಾಲ್-ಫಾರ್ಮಾಲ್ಡಿಹೈಡ್ ಬಿಡುವುದು ಬಹಳ ಕಡಿಮೆ. ಪಾಲಿಯುರೆಥೇನ್ ಆರಿಸಿದರೆ ಹಚ್ಚುವವರಿಗೆ ಕೈಗವಸು ಕೊಡಿ. ಹಸಿ ಅಂಟಿನಲ್ಲಿರುವ ಐಸೊಸಯನೇಟ್ ಅವರ ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು.

2. ಜಪಾನಿನ ನಕ್ಷತ್ರಗಳನ್ನು ಓದಲು ಕಲಿಯಿರಿ. ನನ್ನ ಕಣ್ಣಿಗೆ ಎಲ್ಲಕ್ಕಿಂತ ಅರ್ಥಪೂರ್ಣ ನಿಯಮ ಇದೇ. 2003ರ ಜುಲೈನಿಂದ ಅಲ್ಲಿನ ಕಟ್ಟಡ ಕಾನೂನು ಹಲಗೆಯ ಜೊತೆ ಅಂಟನ್ನೂ ದರ್ಜೆಗೆ ಒಳಪಡಿಸಿದೆ. ಎಫ್ ಅಕ್ಷರದ ಮುಂದೆ ನಾಲ್ಕು ನಕ್ಷತ್ರವಿದ್ದರೆ, ಚದರ ಮೀಟರಿಗೆ ಗಂಟೆಗೆ ಹೊರಬೀಳುವ ಅನಿಲ 0.005 ಮಿಲಿಗ್ರಾಂ ಮೀರದು. ಎಷ್ಟು ಬೇಕಾದರೂ ಬಳಸಬಹುದು. ಮೂರು, ಎರಡು ನಕ್ಷತ್ರದವಕ್ಕೆ ಕೋಣೆಯ ಅಳತೆಗೂ ಗಾಳಿಯಾಟಕ್ಕೂ ತಕ್ಕ ಮಿತಿ. 0.12 ಮಿಲಿಗ್ರಾಂ ಮೀರಿದ ಸಾಮಗ್ರಿಗೆ ಒಳಾಂಗಣದಲ್ಲಿ ಜಾಗವೇ ಇಲ್ಲ. ವಾಸದ ಕೋಣೆಯ ಅರ್ಧದಷ್ಟು ಗಾಳಿ ಗಂಟೆಗೊಮ್ಮೆ ಬದಲಾಗುವಂಥ ಯಂತ್ರವ್ಯವಸ್ಥೆಯೂ ಕಡ್ಡಾಯ. ಸರಕು, ವಿಸ್ತೀರ್ಣ, ಗಾಳಿ ಮೂರನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುವ ಜಾಣತನ ಅದು.

3. ಹಲಗೆಯ ಪತ್ರವನ್ನು ಅಂಟಿನ ಪತ್ರವೆಂದು ತಿಳಿಯಬೇಡಿ. 2018ರ ಜೂನ್‌ನಿಂದ ಪಾಲಿಸಬೇಕಾಗಿ ಬಂದ ಅಮೆರಿಕದ ನಿಯಮ, ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್‌ಗೆ 0.11 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಮಿತಿ ಹಾಕಿದೆ. ಆದರೆ ಮನೆಯಲ್ಲಿ ಹಲಗೆ ಕೂರಿಸಲು ಹಚ್ಚುವ ಅಂಟು ಅದರ ವ್ಯಾಪ್ತಿಗೆ ಬರುವುದಿಲ್ಲ. ಎರಡಕ್ಕೂ ಬೇರೆ ಬೇರೆ ಪರೀಕ್ಷಾ ವರದಿ ಕೇಳಿ ಪಡೆಯಿರಿ.

4. ಅಂಕಿಯ ಜೊತೆ ಮಾನವನ್ನೂ ನೋಡಿ. ಯುರೋಪಿನ ಇ1 ದರ್ಜೆ ಎಂದರೆ ಪರೀಕ್ಷಾ ಕೋಣೆಯ ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ 0.124 ಮಿಲಿಗ್ರಾಂ ಅನಿಲ. ಜಪಾನಿನದು ಹೊರಬೀಳುವ ವೇಗ. ಇವನ್ನು ನೇರವಾಗಿ ಹೋಲಿಸಬಾರದು.

5. "ಕಡಿಮೆ ವಿಒಸಿ" (ಸುಲಭವಾಗಿ ಆವಿಯಾಗುವ ಸಾವಯವ ರಾಸಾಯನಿಕಗಳು) ಎಂಬ ಮುದ್ರೆಗೆ ಮರುಳಾಗಬೇಡಿ. ಫಾರ್ಮಾಲ್ಡಿಹೈಡ್ ಅಳೆಯುವ ವಿಧಾನವೇ ಬೇರೆ.

6. ಗೃಹಪ್ರವೇಶದ ಮುಹೂರ್ತಕ್ಕೆ ಮುನ್ನ ಕೆಲವು ವಾರ ಬಿಡುವಿರಲಿ. ಅಷ್ಟು ದಿನವೂ ಕಿಟಕಿ ತೆರೆದಿಡಿ. ಮಂಗಳೂರು, ಕಾರವಾರದ ಸೆಕೆ-ತೇವದಲ್ಲಂತೂ ಅನಿಲ ಹೆಚ್ಚು ಹೊರಡುತ್ತದೆ. ಎಳೆಮಕ್ಕಳು ಮಲಗುವ ಕೋಣೆಯ ನೆಲವನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿಬಿಡಿ.