ಓವನ್ ಗೋಡೆಗೆ ಹಾರಿದ ಬ್ಯಾಡಗಿ ಕೆಂಪು: ತೆಗೆಯುವ ಕ್ರಮ ಹೀಗೆ

ಬ್ಯಾಡಗಿ ಮೆಣಸಿನಕಾಯಿಯ ಹೆಸರು ದೂರದೂರ ಹೋದದ್ದು ಬಣ್ಣದಿಂದ. ಖಾರ ಕಡಿಮೆ, ಕೆಂಪು ಜಾಸ್ತಿ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಈ ಕಾಯಿಯಿಂದ ತೆಗೆಯುವ ಓಲಿಯೋರೆಸಿನ್ ಎಂಬ ಸಾರ ತಿನಿಸುಗಳಿಗಷ್ಟೇ ಅಲ್ಲದೆ ಲಿಪ್‌ಸ್ಟಿಕ್, ಉಗುರುಬಣ್ಣಕ್ಕೂ ಬಳಕೆಯಾಗುತ್ತದೆ. ಅಂಥ ಬಣ್ಣ ಮೈಕ್ರೋವೇವ್ ಓವನ್ನಿನ ಒಳಗೋಡೆಗೆ ಹಾರಿ ಕೂತರೆ ಬರೀ ಒದ್ದೆ ಬಟ್ಟೆಗೆ ಬಗ್ಗುವುದಿಲ್ಲ. ಕಾಗಿನೆಲೆ, ಹಾವೇರಿ, ರಾಣೆಬೆನ್ನೂರು ಕಡೆಯ ಮನೆಗಳಲ್ಲಿ ಓವನ್ನಿಗೆ ಹೋಗುವುದು ನಿನ್ನೆ ಉಳಿದ ಎಣ್ಣೆಗಾಯಿ, ಕೆಂಪು ರಸದ ಕಾಳುಪಲ್ಯ, ಒಗ್ಗರಣೆ ಬಿದ್ದ ಸಾರು. ಓವನ್ ಜತೆಗೆ ಬರುವ ಕೈಪಿಡಿಯಲ್ಲಿ ಈ ಅಡುಗೆಗಳ ಮಾತೇ ಇರುವುದಿಲ್ಲ. ಹಾಗಾಗಿ ನಮ್ಮ ಅಡುಗೆಗೆ ತಕ್ಕ ಕ್ರಮವನ್ನು ನಾವೇ ಮಾಡಿಕೊಳ್ಳಬೇಕು.

ಮೊದಲು ಕಲೆಯ ಗುಣ ತಿಳಿದುಕೊಳ್ಳೋಣ. ಮೆಣಸಿನಕಾಯಿಯ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂಥಿನ್ ಎಂಬ ವರ್ಣದ್ರವ್ಯ. ಇದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಪಲ್ಯದ ಮೇಲೆ ತೇಲುವ ಎಣ್ಣೆ ಕೆಂಪಗೆ ಹೊಳೆಯುವುದು ಇದರಿಂದಲೇ. ಅರಿಶಿನದ ಹಳದಿಯೂ ಹೆಚ್ಚುಕಡಿಮೆ ಇದೇ ಜಾತಿ. ಆದ್ದರಿಂದ ಕೆಲಸದ ಸರದಿ ಹೀಗಿರಬೇಕು: ಹಬೆಯಿಂದ ಜಿಡ್ಡನ್ನು ಮೆತ್ತಗೆ ಮಾಡುವುದು, ಎಣ್ಣೆಯಿಂದ ಬಣ್ಣವನ್ನು ಬಿಡಿಸುವುದು, ಸೋಪಿನಿಂದ ಆ ಎಣ್ಣೆಯನ್ನು ತೆಗೆಯುವುದು, ನೀರಿನ ಬಟ್ಟೆಯಿಂದ ಸೋಪನ್ನು ಒರೆಸುವುದು, ಕೊನೆಗೆ ಒಣಬಟ್ಟೆ. ಹೆಚ್ಚಿನವರು ನೇರ ಮೂರನೆಯದಕ್ಕೆ ಕೈಹಾಕಿ, ಹೋಗಲಿಲ್ಲವೆಂದು ತಂತಿನಾರು ಹಿಡಿಯುತ್ತಾರೆ. ಓವನ್ ಹಾಳಾಗುವುದು ಅಲ್ಲಿಂದ.

ಬೇಕಾಗುವ ಸಾಮಾನು

ಒಂದು ಗಾಜಿನ ಅಥವಾ ಪಿಂಗಾಣಿ ಬೋಗುಣಿ, ಅರ್ಧ ನಿಂಬೆಹಣ್ಣು, ಕಟ್ಟಿಗೆಯ ಚಮಚ, ಎರಡು ಚಮಚ ಅಡಿಗೆ ಸೋಡಾ, ಶೇಂಗಾ ಅಥವಾ ಕುಸುಬಿ ಎಣ್ಣೆ ನಾಲ್ಕಾರು ಹನಿ, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಹತ್ತಿ ಬಟ್ಟೆಯ ಮೂರು ತುಂಡು, ಮೆತ್ತನೆಯ ಸ್ಪಂಜು, ಹಳೆಯ ಹಲ್ಲುಜ್ಜುವ ಬ್ರಶ್. ಇಷ್ಟೇ. ಬ್ಲೀಚಿಂಗ್ ಪೌಡರ್, ಫಿನಾಯಿಲ್, ಬಾತ್‌ರೂಮಿನ ಆ್ಯಸಿಡ್ ಇವ್ಯಾವನ್ನೂ ಹತ್ತಿರಕ್ಕೆ ತರಬೇಡಿ. ನಾಳೆ ಅದೇ ಗೂಡಿನಲ್ಲಿ ಮಗುವಿನ ಹಾಲು ಬಿಸಿಯಾಗಬೇಕು. ಬ್ಲೀಚಿಗೆ ನಿಂಬೆ ಅಥವಾ ವಿನೆಗರ್ ತಾಗಿದರೆ ಕ್ಲೋರಿನ್ ಅನಿಲ ಏಳುತ್ತದೆ, ಅದು ಶ್ವಾಸಕೋಶಕ್ಕೆ ಕೆಟ್ಟದ್ದು.

ಹಬೆ ಕೊಡುವುದು

ಬೋಗುಣಿಗೆ ಒಂದು ಲೋಟ, ಅಂದರೆ ಸುಮಾರು 200 ಮಿ.ಲೀ. ನೀರು ಹಾಕಿ ನಿಂಬೆ ಹಿಂಡಿ, ಸಿಪ್ಪೆಯನ್ನೂ ಅದರಲ್ಲೇ ಬಿಡಿ. ಕಟ್ಟಿಗೆಯ ಚಮಚವನ್ನು ನೀರಿನಲ್ಲಿ ಇಳಿಬಿಡಿ. ಈ ಚಮಚವನ್ನು ಮರೆಯಬೇಡಿ. ನುಣುಪಾದ ಪಾತ್ರೆಯಲ್ಲಿ ಬರೀ ನೀರಿಟ್ಟರೆ ಕೆಲವೊಮ್ಮೆ ಅದು ಕುದಿಯುವ ಮಟ್ಟ ದಾಟಿ ಬಿಸಿಯಾಗಿದ್ದರೂ ಗುಳ್ಳೆ ಏಳದೆ ಸುಮ್ಮನಿರುತ್ತದೆ. ಹೊರಗೆ ತೆಗೆಯುವಾಗ ಅಲುಗಾಡಿದರೆ ಒಮ್ಮೆಲೇ ಉಕ್ಕಿ ಮುಖಕ್ಕೆ ಸಿಡಿಯುತ್ತದೆ. ಚಮಚವೋ ಸಿಪ್ಪೆಯೋ ಇದ್ದರೆ ಗುಳ್ಳೆ ಏಳಲು ಜಾಗ ಸಿಕ್ಕು ನೀರು ಸರಿಯಾಗಿ ಕುದಿಯುತ್ತದೆ. ಸ್ಟೀಲಿನ ಲೋಟ, ತಂಬಿಗೆ ಮಾತ್ರ ಬೇಡವೇ ಬೇಡ.

ಫುಲ್ ಪವರಿನಲ್ಲಿ ಮೂರರಿಂದ ಐದು ನಿಮಿಷ ಓಡಿಸಿ. ಬೇಸಿಗೆಯಲ್ಲಿ ಪಂಪ್‌ಸೆಟ್ಟುಗಳೆಲ್ಲ ಓಡುವ ಹೊತ್ತಿಗೆ ವೋಲ್ಟೇಜ್ ಇಳಿದಿದ್ದರೆ ಇನ್ನೂ ಸ್ವಲ್ಪ ಹೊತ್ತು ಹಿಡಿಯಬಹುದು. ಗಡಿಯಾರಕ್ಕಿಂತ ಬಾಗಿಲಿನ ಗಾಜನ್ನು ನೋಡಿ. ಗಾಜಿನ ಒಳಮೈ ಪೂರ್ತಿ ಮಂಜಾಗಿ ಹನಿ ಇಳಿಯತೊಡಗಿದರೆ ಸಾಕು, ನಿಲ್ಲಿಸಿ. ಆಮೇಲೆ ಹತ್ತು ನಿಮಿಷ ಬಾಗಿಲು ತೆಗೆಯಬೇಡಿ. ಅರ್ಧ ಕೆಲಸ ಆಗುವುದು ಈ ಹತ್ತು ನಿಮಿಷದಲ್ಲೇ. ಒಣಗಿ ಗಟ್ಟಿಯಾದ ಬೇಳೆ, ಹಿಟ್ಟು, ಜಿಡ್ಡು ಎಲ್ಲ ಹಬೆ ಕುಡಿದು ಸಡಿಲಾಗುತ್ತವೆ. ಅವಸರದಲ್ಲಿ ಬಾಗಿಲು ತೆಗೆದರೆ ಹಬೆಯೂ ಹೋಯಿತು, ಮೊಳಕೈಯಲ್ಲಿ ಬಲ ಹಾಕುವುದೂ ತಪ್ಪಲಿಲ್ಲ.

ನಿಂಬೆ ಇಲ್ಲದಿದ್ದರೆ ಎರಡು ಚಮಚ ವಿನೆಗರ್ ಆದೀತು. ಏಲಕ್ಕಿ ಹಾರಕ್ಕೆ ಹೆಸರಾದ ಹಾವೇರಿಯಲ್ಲಿ ಏಲಕ್ಕಿ ಸಿಪ್ಪೆ ಹಾಕಿ ಕುದಿಸುವ ಆಸೆಯೂ ಬರಬಹುದು. ಘಮ ಬರುತ್ತದೆ ನಿಜ, ಆದರೆ ಜಿಡ್ಡಿನ ಮೇಲೆ ಅದರ ಆಟ ನಡೆಯುವುದಿಲ್ಲ. ನಿಂಬೆಯ ಜತೆಗೆ ಹಾಕಿಕೊಳ್ಳಿ, ನಿಂಬೆಗೆ ಬದಲಾಗಿ ಬೇಡ.

ಪ್ಲಗ್ ತೆಗೆದು, ಮೇಲಿನಿಂದ ಕೆಳಕ್ಕೆ

ಈಗ ಸ್ವಿಚ್ ಆರಿಸಿ ಪ್ಲಗ್ಗನ್ನು ಪೂರ್ತಿ ಹೊರಗೆ ತೆಗೆಯಿರಿ. ಬಿಸಿ ಬೋಗುಣಿಯನ್ನು ಬಟ್ಟೆ ಹಿಡಿದು ಇಳಿಸಿ. ತಿರುಗುವ ಗಾಜಿನ ತಟ್ಟೆ, ಅದರಡಿಯ ಗಾಲಿಯುಂಗುರ ಎರಡನ್ನೂ ತೆಗೆದು ಪಕ್ಕಕ್ಕಿಟ್ಟು ಆರಲು ಬಿಡಿ. ಬಿಸಿ ತಟ್ಟೆಯನ್ನು ತಣ್ಣೀರಿನ ನಲ್ಲಿಗೆ ಹಿಡಿದರೆ ಸೀಳಬಹುದು.

ಇನ್ನು ಮೊಣಕಾಲೂರಿ ಕೂತು, ಮೊಬೈಲ್ ಟಾರ್ಚ್ ಹಾಕಿ ಓವನ್ನಿನ ಚಾವಣಿಯನ್ನು ಒಮ್ಮೆ ನೋಡಿ. ನಿಂತು ನೋಡುವವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಸಾಸಿವೆ ಕಾಳಿನಷ್ಟು ದೊಡ್ಡ ಕಂದುಗೆಂಪು ಹನಿಗಳು ಸಾಲಾಗಿ ಅಂಟಿರುತ್ತವೆ. ಕೆಲವು ಹೊಳೆಯುತ್ತಿರುತ್ತವೆ, ಕೆಲವು ಕಪ್ಪಾಗಿ ಗಟ್ಟಿಯಾಗಿರುತ್ತವೆ. ಗ್ರಿಲ್ ಇರುವ ಓವನ್ನಾದರೆ ಆ ಕಂಬಿಯ ಹಿಂದೆ ಇನ್ನೂ ಜಾಸ್ತಿ. ಎಣ್ಣೆಗಾಯಿಯ ಬದನೆ ಒಳಗೇ ಹಬೆ ಕಟ್ಟಿ ಟಪ್ ಎಂದು ಸಿಡಿದಾಗ ಮಸಾಲೆ ಹಾರುವುದು ಮೊದಲು ಮೇಲಕ್ಕೇ.

ಅದಕ್ಕಾಗಿ ಚಾವಣಿಯಿಂದ ಶುರು ಮಾಡಿ. ಬಟ್ಟೆಯನ್ನು ನೀರಿನಲ್ಲಿ ಅದ್ದಿ ಹನಿ ತೊಟ್ಟಿಕ್ಕದಂತೆ ಹಿಂಡಿ ಒರೆಸಿ. ಆಮೇಲೆ ಪಕ್ಕದ ಗೋಡೆ, ಹಿಂಗೋಡೆ, ಕೊನೆಗೆ ನೆಲ. “ಒಳಗ ನೀರು ಸುರೀಬ್ಯಾಡವಾ, ಕರೆಂಟಿನ ಸಾಮಾನದು” ಎಂದು ನಮ್ಮ ಕಡೆ ಅತ್ತೆಯರು ಸೊಸೆಯರಿಗೆ ಹೇಳುವ ಮಾತು ಇಲ್ಲಿ ಅಕ್ಷರಶಃ ಸರಿ. ಗೋಡೆಯಲ್ಲಿರುವ ಸಣ್ಣ ಗಾಳಿತೂತುಗಳು, ಲೈಟಿನ ತೂತು, ನೆಲದ ನಡುವೆ ತಟ್ಟೆಯನ್ನು ತಿರುಗಿಸುವ ಗುಬಟು ಇವುಗಳೊಳಗೆ ನೀರು ಇಳಿಯಬಾರದು. ಸ್ಪ್ರೇ ಬಾಟಲಿಯಿಂದ ನೇರವಾಗಿ ಒಳಗೆ ಹೊಡೆಯಲೂಬೇಡಿ. ಹಾಕುವುದಿದ್ದರೆ ಬಟ್ಟೆಗೆ ಹಾಕಿ.

ಕೆಂಪಿಗೆ ಎಣ್ಣೆ, ಕರಕಲಿಗೆ ಸೋಡಾ

ಒರೆಸಿದ ಮೇಲೂ ಬಿಳಿ ಅಥವಾ ಬೂದು ಗೋಡೆಯಲ್ಲಿ ಕಿತ್ತಳೆಗೆಂಪು ನೆರಳು ಉಳಿದಿರುತ್ತದೆ. ಬೆರಳಿಗೆ ಬಟ್ಟೆ ಸುತ್ತಿ, ಎರಡು ಹನಿ ಎಣ್ಣೆ ಮುಟ್ಟಿಸಿ ಆ ಕಲೆಯ ಮೇಲೆ ಮೆಲ್ಲಗೆ ತೀಡಿ. ಎರಡು ನಿಮಿಷ ಬಿಡಿ. ಬಟ್ಟೆಗೆ ಕೆಂಪು ಇಳಿದು ಬರುವುದು ಕಣ್ಣಿಗೇ ಕಾಣುತ್ತದೆ. ಕೂಡಲೇ ಲಿಕ್ವಿಡ್ ಹಾಕಿದ ಸ್ಪಂಜಿನಿಂದ ಒರೆಸಿ ಎಣ್ಣೆ ತೆಗೆಯಿರಿ, ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ. ಇಲ್ಲಿ ಎಣ್ಣೆ ಉಳಿಸಬೇಡಿ. ಉಳಿದ ಎಣ್ಣೆ ಮುಂದಿನ ಸಲ ಹೊಗೆಯಾಗುತ್ತದೆ.

ಸುಟ್ಟು ಕಪ್ಪಾದ ಹನಿಗಳಿಗೆ ಎಣ್ಣೆ ಸಾಲದು. ಅಡಿಗೆ ಸೋಡಾಕ್ಕೆ ಸ್ವಲ್ಪವೇ ನೀರು ಬೆರೆಸಿ ದಪ್ಪ ಲೇಪ ಮಾಡಿ, ಕಲೆಯ ಮೇಲಷ್ಟೇ ಹಚ್ಚಿ ಹದಿನೈದು ನಿಮಿಷ ಬಿಟ್ಟು ಸ್ಪಂಜಿನಿಂದ ತೀಡಿ. ಮೂಲೆಗಳಿಗೆ ಹಲ್ಲುಜ್ಜುವ ಬ್ರಶ್. ಸೋಡಾದ ಮೇಲೆ ವಿನೆಗರ್ ಸುರಿದು ನೊರೆ ಬರಿಸುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರೆ. ನೊರೆ ನೋಡಲು ಚೆಂದ. ಆದರೆ ಕ್ಷಾರ, ಆಮ್ಲ ಎರಡೂ ಒಂದನ್ನೊಂದು ಕಳೆದುಕೊಂಡು ಉಳಿಯುವುದು ಹೆಚ್ಚಾಗಿ ಉಪ್ಪುನೀರು. ಒಂದನ್ನು ಬಳಸಿ, ಒರೆಸಿ, ಬೇಕಿದ್ದರೆ ಇನ್ನೊಂದನ್ನು ಬಳಸಿ.

ತಂತಿನಾರು, ಬೂದಿ, ಮರಳು, ಚಾಕುವಿನ ತುದಿ ಯಾವುದೂ ಬೇಡ. ಒಳಗೋಡೆಯ ಬಣ್ಣದ ಪದರ ಗೀಚಿಹೋದರೆ ಅಲ್ಲಿ ತಗಡು ತುಕ್ಕು ಹಿಡಿಯುತ್ತದೆ. ನಾರಿನಿಂದ ಉದುರಿದ ಕೂದಲೆಳೆಯಂಥ ತಂತಿ ಒಳಗೆ ಉಳಿದರೆ ಮುಂದಿನ ಸಲ ಅದೇ ಕಿಡಿ ಹಾರಿಸುತ್ತದೆ. ಹಿತ್ತಾಳೆ ಭಾಂಡೆಗೆ ಹುಣಸೆಹಣ್ಣಿಗಿಂತ ಒಳ್ಳೆಯದಿಲ್ಲ, ಆದರೆ ಇಲ್ಲಿ ಅದರ ನಾರು ತೂತುಗಳಲ್ಲಿ ಸಿಕ್ಕಿಕೊಳ್ಳುತ್ತದೆ.

ಕೆಲಸ ಮಾಡುವಾಗ ಆ ಕೈಯನ್ನು ಕಣ್ಣಿಗೆ ಒಯ್ಯಬೇಡಿ. ಬ್ಯಾಡಗಿ ಕಾಯಿ ಖಾರ ಕಡಿಮೆಯಾದರೂ ಖಾರವಿಲ್ಲದ್ದಲ್ಲ. ಖಾರದ ಅಂಶವಾದ ಕ್ಯಾಪ್ಸೈಸಿನ್ ಕೂಡ ನೀರಿಗೆ ಸುಲಭಕ್ಕೆ ಬಿಡುವುದಿಲ್ಲ. ಬೆರಳು ಉರಿದರೆ ಮೊದಲು ಎಣ್ಣೆ ಸವರಿ, ಆಮೇಲೆ ಸೋಪು ಹಚ್ಚಿ ತೊಳೆಯಿರಿ. ಒಣಮೆಣಸಿನಕಾಯಿಯನ್ನು ಓವನ್ನಿನಲ್ಲಿ ಹುರಿಯುವ ರೂಢಿಯಿದ್ದರೆ ಅದನ್ನೂ ಬಿಡಿ. ಬಾಗಿಲು ತೆಗೆದಾಗ ಬರುವ ಘಾಟಿಗೆ ಮನೆಮಂದಿಯೆಲ್ಲ ಕೆಮ್ಮಬೇಕಾಗುತ್ತದೆ, ಕಾಯಿ ಹತ್ತಿಕೊಂಡು ಉರಿದರೂ ಉರಿಯಿತು.

ಬಲಗೋಡೆಯ ಆ ರಟ್ಟಿನಂಥ ಹಾಳೆ

ಈ ಒಂದು ವಿಷಯಕ್ಕಾಗಿಯೇ ಲೇಖನ ಬರೆದರೂ ತಪ್ಪಿಲ್ಲ. ಹೆಚ್ಚಿನ ಓವನ್‌ಗಳ ಬಲಗಡೆ ಗೋಡೆಯಲ್ಲಿ ಬೂದು ಅಥವಾ ಕಂದು ಬಣ್ಣದ, ರಟ್ಟಿನಂತೆ ಕಾಣುವ ಒಂದು ಚೌಕ ಹಾಳೆ ಇರುತ್ತದೆ. ರಿಪೇರಿಯವರು ಅದನ್ನು ಮೈಕಾ ಶೀಟ್ ಎನ್ನುತ್ತಾರೆ. ಮ್ಯಾಗ್ನೆಟ್ರಾನ್ ಎಂಬ ನಳಿಕೆಯಲ್ಲಿ ಹುಟ್ಟುವ 2,450 ಮೆಗಾಹರ್ಟ್ಸ್ ಅಲೆಗಳು ಇದರ ಮೂಲಕವೇ ಒಳಗೆ ಬರುತ್ತವೆ. ಅಲೆಗೆ ಹಾಳೆ ಅಡ್ಡಿಯಲ್ಲ, ಜಿಡ್ಡಿಗೆ ಮತ್ತು ಹಬೆಗೆ ಅಡ್ಡಿ. ಪ್ಯಾಕಿಂಗಿನ ರಟ್ಟು ಎಂದುಕೊಂಡು ಕಿತ್ತು ಎಸೆದವರೂ ಇದ್ದಾರೆ. ಹಾಗೆ ಮಾಡಿದರೆ ಮಸಾಲೆಯ ಹನಿ ಸೀದಾ ಮ್ಯಾಗ್ನೆಟ್ರಾನ್ ಕಡೆಗೆ ಹೋಗುತ್ತದೆ.

ಗೋಡೆಗೆ ಅಂಟಿದ ಕೊಳೆಯೂ ಅಲೆಗಳ ಪಾಲಿಗೆ ಆಹಾರವೇ. ನೀವು ಅನ್ನ ಬಿಸಿಮಾಡುವಾಗಲೆಲ್ಲ ಅದೂ ತನ್ನ ಪಾಲಿನ ಶಾಖ ಹೀರುತ್ತದೆ. ಮೈಕಾ ಶೀಟಿನ ಮೇಲೆ ಕೂತ ಎಣ್ಣೆಹನಿ ಹೀಗೆ ದಿನವೂ ಕಾದು ಕರಕಲಾಗುತ್ತದೆ, ಕರಕಲಾದ ಜಾಗ ಇನ್ನೂ ಬೇಗ ಕಾಯುತ್ತದೆ, ಕೊನೆಗೆ ಅಲ್ಲಿ ಚಟಚಟ ಕಿಡಿ ಹಾರಿ ತೂತು ಬೀಳುತ್ತದೆ. ಓವನ್ ಒಳಗನ್ನು ಚೊಕ್ಕವಾಗಿಡಬೇಕು ಎನ್ನುವುದು ಅಂದಕ್ಕಿಂತ ಹೆಚ್ಚಾಗಿ ಇದಕ್ಕಾಗಿ.

ಈ ಹಾಳೆಯನ್ನು ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಹಗುರಾಗಿ ಒತ್ತಿ ಒರೆಸಿ, ಉಜ್ಜಬೇಡಿ. ಎಣ್ಣೆ, ಸೋಡಾ ಲೇಪ ಎರಡೂ ಇದಕ್ಕೆ ಬೇಡ. ಒದ್ದೆಯಾಗಿದ್ದರೆ ಪೂರ್ತಿ ಒಣಗುವವರೆಗೆ ಓವನ್ ಹಚ್ಚಬೇಡಿ. ಕಪ್ಪಾಗಿ ಸುಟ್ಟ ಗುರುತು ಅಥವಾ ತೂತು ಕಂಡರೆ ಬದಲಿಸಲೇಬೇಕು. ರಿಪೇರಿ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿ ಹಾಕಿಕೊಡುತ್ತಾರೆ, ಹಳೆಯ ಹಾಳೆಯನ್ನೇ ಅಳತೆಗೆ ಒಯ್ಯಿರಿ. ಅದರ ಜಾಗದಲ್ಲಿ ಬೇರೆ ರಟ್ಟು, ಪ್ಲಾಸ್ಟಿಕ್ ಇಡುವುದು ಬೆಂಕಿಗೆ ದಾರಿ.

ಬಾಗಿಲು, ತಟ್ಟೆ, ಉಂಗುರ

ಬಾಗಿಲಿನ ಗಾಜಿನೊಳಗೆ ಕಾಣುವ ತೂತುತೂತಿನ ಲೋಹದ ಜಾಲರಿ ಅಲೆಗಳನ್ನು ಒಳಗೇ ತಡೆದಿಡುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್, ಜಾಲರಿಯ ತೂತು ಒಂದೆರಡು ಮಿಲಿಮೀಟರ್. ಹಾಗಾಗಿ ಬೆಳಕು ಹೊರಬಂದರೂ ಅಲೆ ಬರುವುದಿಲ್ಲ. ಆದರೆ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರಬೇಕು. ಅಂಚಿನಲ್ಲಿ ಒಣಗಿದ ಅನ್ನದಗುಳು, ಜಿಡ್ಡು ಸಿಕ್ಕಿಕೊಂಡಿದ್ದರೆ ಲಿಕ್ವಿಡ್ ಮುಟ್ಟಿಸಿದ ಬಟ್ಟೆಯಿಂದ ತೆಗೆಯಿರಿ. ಬಾಗಿಲು ಬಾಗಿದ್ದರೆ, ಕೀಲು ಸಡಿಲಾಗಿದ್ದರೆ, ಗಾಜು ಸೀಳಿದ್ದರೆ ತೋರಿಸಿ ಸರಿಪಡಿಸುವವರೆಗೆ ಬಳಸಬೇಡಿ.

ಆರಿದ ಗಾಜಿನ ತಟ್ಟೆಯನ್ನು ಉಳಿದ ಪಾತ್ರೆಯಂತೆ ತೊಳೆಯಬಹುದು. ಪ್ಲಾಸ್ಟಿಕ್ಕಿನ ಗಾಲಿಯುಂಗುರ ಮತ್ತು ಮುಚ್ಚಳಕ್ಕೆ ಹತ್ತಿದ ಕೆಂಪು ಮಾತ್ರ ಹಟಮಾರಿ, ಯಾಕೆಂದರೆ ಪ್ಲಾಸ್ಟಿಕ್ ಎಣ್ಣೆಯ ಬಣ್ಣವನ್ನು ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೆ ಔಷಧ ಬಿಸಿಲು. ತೊಳೆದು ಮಾಳಿಗೆಯ ಮೇಲೆ ಒಂದೆರಡು ದಿನ ಇಡಿ. ಬೆಳಕಿಗೆ ಮೆಣಸಿನಕಾಯಿಯ ಕೆಂಪೂ ಅರಿಶಿನದ ಹಳದಿಯೂ ಮಾಸುತ್ತವೆ. ಬ್ಯಾಡಗಿಯ ಶೈತ್ಯಾಗಾರಗಳಲ್ಲಿ ಮೆಣಸಿನಕಾಯಿ ಚೀಲಗಳನ್ನು ಕತ್ತಲು ಮತ್ತು ತಂಪಿನಲ್ಲಿ ಇಡುವುದು ಬಣ್ಣ ಮಾಸಬಾರದೆಂದು. ನಮಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ.

ಕೊನೆಯ ಒರೆಸುವಿಕೆಗೆ ಬೋರ್‌ವೆಲ್ ನೀರು ಬೇಡ. ಗಡಸು ನೀರು ಒಣಗಿದರೆ ಬಿಳಿ ಪೊರೆ ಬಿಡುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ನೀರಿನಲ್ಲಿ ಅರ್ಧ ಲೋಟ ಸಾಕು. ಒಣಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಅರ್ಧ ಗಂಟೆ ಗಾಳಿಯಾಡಲು ಬಿಡಿ. ಬೆಳ್ಳುಳ್ಳಿಯ ವಾಸನೆ ಇನ್ನೂ ಇದ್ದರೆ ಒಂದು ಬಟ್ಟಲಿನಲ್ಲಿ ಅಡಿಗೆ ಸೋಡಾ ಹಾಕಿ ರಾತ್ರಿಯಿಡೀ ಒಳಗಿಡಿ, ಬೆಳಗ್ಗೆ ತೆಗೆಯಲು ಮರೆಯಬೇಡಿ.

ಮತ್ತೆ ಹಾರದಂತೆ

ತೂತಿರುವ ಮೈಕ್ರೋವೇವ್ ಮುಚ್ಚಳ ಹಾಕಿಯೇ ಬಿಸಿಮಾಡಿ. ಎಣ್ಣೆಗಾಯಿಯ ಬದನೆಯನ್ನು ಚಮಚದಿಂದ ಬಿಡಿಸಿ, ಫುಲ್ ಪವರ್ ಬಿಟ್ಟು ಮಧ್ಯಮದಲ್ಲಿ, ನಡುವೆ ಒಮ್ಮೆ ಕೈಯಾಡಿಸಿ ಬಿಸಿಮಾಡಿದರೆ ಸಿಡಿಯುವುದು ತೀರಾ ಕಡಿಮೆ. ಸಿಡಿದರೂ ಸ್ವಿಚ್ ಆರಿಸಿ, ಬೆಚ್ಚಗಿರುವಾಗಲೇ ಒರೆಸಿದರೆ ಅರ್ಧ ನಿಮಿಷದ ಕೆಲಸ. ದಿನಾ ಬಳಸುವ ಮನೆಯಲ್ಲಿ ವಾರಕ್ಕೊಮ್ಮೆ ಹಬೆ, ತಿಂಗಳಿಗೊಮ್ಮೆ ಮೇಲೆ ಹೇಳಿದ ಪೂರ್ತಿ ಕ್ರಮ ಸಾಕಾಗುತ್ತದೆ. ಮಳೆಗಾಲದಲ್ಲಿ ಇರುವೆ, ಜಿರಳೆ ಒಣಗಿದ ಜಾಗ ಹುಡುಕಿ ಬರುವುದರಿಂದ ಆಗ ಇನ್ನೂ ಸ್ವಲ್ಪ ನಿಗಾ ಇರಲಿ.

ಎಲ್ಲ ಒಣಗಿದ ಮೇಲೆ ಉಂಗುರ, ತಟ್ಟೆ ಜಾಗಕ್ಕೆ ಕೂರಿಸಿ, ಪ್ಲಗ್ ಹಾಕಿ, ಒಂದು ಲೋಟ ನೀರಿಟ್ಟು ಒಂದು ನಿಮಿಷ ಓಡಿಸಿ ನೋಡಿ. ಬರಿದಾಗಿ ಓಡಿಸಬೇಡಿ. ತಟ್ಟೆ ಸರಾಗ ತಿರುಗಿ, ನೀರು ಬಿಸಿಯಾದರೆ ಸರಿ. ಕಿಡಿ, ಸುಟ್ಟ ವಾಸನೆ, ಎಂದಿಲ್ಲದ ಗುಂಯ್ ಸದ್ದು ಬಂದರೆ ತಕ್ಷಣ ಆರಿಸಿ ಪ್ಲಗ್ ತೆಗೆಯಿರಿ. ಆಗ ಸ್ಕ್ರೂಡ್ರೈವರ್ ಹಿಡಿದು ಹೊರಗಿನ ತಗಡು ಬಿಚ್ಚಲು ಹೋಗಬೇಡಿ. ಒಳಗಿರುವ ಕೆಪಾಸಿಟರ್ ಸುಮಾರು 2,000 ವೋಲ್ಟ್‌ನಷ್ಟು ವಿದ್ಯುತ್ತನ್ನು ಪ್ಲಗ್ ತೆಗೆದ ಮೇಲೂ ಹಿಡಿದಿಟ್ಟುಕೊಂಡಿರಬಹುದು. ಅದನ್ನು ಮುಟ್ಟಿದರೆ ಜೀವಕ್ಕೇ ಅಪಾಯ. ಅಲ್ಲಿಂದ ಮುಂದಿನದು ಮೆಕ್ಯಾನಿಕ್ ಕೆಲಸ.