ಇಂಗ್ಲಿಷಿನ ಅವಳಿ ಶಬ್ದಗಳು

ಮನೆಯಲ್ಲಿ ಇಂಗ್ಲಿಷ್ ಕೇಳದೆ ಬೆಳೆದ ನಮ್ಮಂಥ ವಿದ್ಯಾರ್ಥಿಗಳಿಗೆ ಆ ಭಾಷೆಯ ಶಬ್ದಗಳು ಎರಡು ಬಗೆಯ ತೊಡಕನ್ನೊಡ್ಡುತ್ತವೆ. ನಮ್ಮ ಹಳೇಬೀಡಿನಿಂದಲೇ ನಿದರ್ಶನ ಕೊಡಬಹುದು.

ಮೊದಲನೆಯದು ಅರ್ಥದ ತೊಡಕು. ಕನ್ನಡದ 'ಐತಿಹಾಸಿಕ' ಎಂಬ ಒಂದೇ ಮಾತಿಗೆ ಇಂಗ್ಲಿಷಿನಲ್ಲಿ ಎರಡು ಶಬ್ದಗಳುಂಟು. ಇತಿಹಾಸದಲ್ಲಿ ಮಹತ್ವ ಪಡೆದದ್ದು 'ಹಿಸ್ಟಾರಿಕ್'. ಇತಿಹಾಸಕ್ಕೆ ಸಂಬಂಧಪಟ್ಟದ್ದು 'ಹಿಸ್ಟಾರಿಕಲ್'. 12ನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯ ಹಿಸ್ಟಾರಿಕ್; ಅದು 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ದಿನವೂ ಹಿಸ್ಟಾರಿಕ್. ಆದರೆ ಕೆ. ವಿ. ಅಯ್ಯರ್ ಅವರ 'ಶಾಂತಲಾ' ಹಿಸ್ಟಾರಿಕಲ್ ಕಾದಂಬರಿ.

ಎರಡನೆಯದು ಕಿವಿಯ ತೊಡಕು. ವಿಗ್ರಹವೂ 'ಐಡಲ್', ಸೋಮಾರಿಯೂ 'ಐಡಲ್'. ಬರೆಯುವಾಗ ವಿಗ್ರಹದ ಕೊನೆಗೆ ಓ, ಎಲ್. ಸೋಮಾರಿಯ ಕೊನೆಗೆ ಎಲ್, ಇ. ದೋರಸಮುದ್ರವೆನಿಸಿದ್ದಾಗ ಹಳೇಬೀಡು ಹೊಯ್ಸಳರ 'ಕ್ಯಾಪಿಟಲ್'. ಇದರ ಕೊನೆಗೆ ಎ, ಎಲ್. ಅಲ್ಲಿ ಓ, ಎಲ್ ಬರೆದರೆ ಅದು ವಾಷಿಂಗ್ಟನ್ನಿನ ಶಾಸನಸಭಾ ಭವನವಾಗಿಬಿಡುತ್ತದೆ!

ಅರ್ಥದ ತೊಡಕಿಗೆ ಮದ್ದು, ಶಬ್ದವನ್ನು ವಾಕ್ಯದೊಡನೆ ಕಲಿಯುವುದು; ಕಿವಿಯ ತೊಡಕಿಗೆ, ಕೈಯಿಂದ ಬರೆದು ಕಲಿಯುವುದು. ಪ್ರವಾಸಿಗರಿಗಾಗಿ ಬರೆದ ಫಲಕದಲ್ಲಿ ಅಕ್ಷರ ತಪ್ಪಿದರೆ ವಿಗ್ರಹವೇ ಸೋಮಾರಿಯಾದೀತು. ಉದ್ಯೋಗದ ಅರ್ಜಿಯಲ್ಲಿ ತಪ್ಪಿದರೆ ನಮ್ಮ ಓದೇ ಸಂಶಯಕ್ಕೀಡಾದೀತು. ಆದುದರಿಂದ ಮಿತ್ರರೇ, ನಿಘಂಟನ್ನು ತೆರೆಯಲು ಸಂಕೋಚಪಡದಿರೋಣ.